ಏಲಕ್ಕಿಯ ಕಟ್ಟೆ ರೋಗವೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ

ನಮ್ಮ ವಿದ್ಯಾಸಂಸ್ಥೆಯ ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ ಅವರು ನನ್ನಿಂದ ನಿರೀಕ್ಷಿಸಿದ್ದು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತ ಬರಹವನ್ನಿರಬೇಕು. ಅವುಗಳನ್ನೇ ಬೋಧಿಸಿಕೊಂಡು ತಲೆ ನರೆತವನು ಏಲಕ್ಕಿಯ ಒಂದು ರೋಗವನ್ನೂ ಆ ರೋಗದ ಮೂಲವನ್ನು ಕಾಣಿಸುವ ಒಂದು ಯಂತ್ರವನ್ನೂ ಕುರಿತು ಬರೆಯಹೊರಟಿರುವುದು ವಾಚಕರಿಗೆ ಸೋಜಿಗವೆನಿಸಬಹುದು. ನನ್ನನ್ನು ಈ ದಾರಿಗೆ ಎಳೆದದ್ದು ಒಂದು ಶಬ್ದ.

ಸಸ್ಯರೋಗಗಳನ್ನು ಕುರಿತ ಇಂಗ್ಲಿಷ್ ಗ್ರಂಥಗಳಲ್ಲಿ ಏಲಕ್ಕಿಯ ಪ್ರಕರಣವನ್ನು ತೆರೆದು ನೋಡಿದರೆ 'ಕಟ್ಟೆ' ಎಂಬ ನಮ್ಮ ಮಾತು ರೋಮನ್ ಲಿಪಿಯಲ್ಲಿ ಹಾಗೆಯೇ ಅಚ್ಚಾಗಿರುವುದು ಕಾಣುತ್ತದೆ. ಮಲೆನಾಡಿನ ಕೃಷಿಕನ ಬಾಯಿಂದ ಹೊರಟ ಶಬ್ದ ಅನುವಾದಗೊಳ್ಳದೆ ವಿಜ್ಞಾನದ ಪರಿಭಾಷೆಯಾಯಿತು. ಇದು ಕನ್ನಡದ ಪದ, ಇದರ ಅರ್ಥ 'ಅವ್ಯವಸ್ಥೆ' ಎಂದು ಆ ಗ್ರಂಥಗಳು ವಿವರಿಸುತ್ತವೆ. ಈ ಅರ್ಥ ನನಗೆ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ಅಶ್ವತ್ಥದ ಬುಡದ ಕಟ್ಟೆ, ಕೆರೆಯ ಕಟ್ಟೆ, ಇವೆಲ್ಲ 'ಕಟ್ಟು' ಧಾತುವಿನಿಂದ ಬಂದವು. ಉಸಿರು ಕಟ್ಟಿತು, ಮೂಗು ಕಟ್ಟಿತು ಎನ್ನುವಾಗ ಅದೇ ಧಾತುವಿಗೆ ತಡೆಯುವುದು, ನಿಲ್ಲಿಸುವುದು ಎಂಬ ಅರ್ಥವಿದೆ. ಬೆಳವಣಿಗೆ ಕಟ್ಟಿಹೋದ ಗಿಡಕ್ಕೆ 'ಕಟ್ಟೆ ಬಂತು' ಎಂದಿರಬಹುದೆಂಬುದು ನನ್ನ ಊಹೆ. ಊಹೆಯೆಂದೇ ವಾಚಕರು ಇದನ್ನು ಸ್ವೀಕರಿಸಬೇಕು.

ರೋಗದ ಲಕ್ಷಣವನ್ನು ಏಲಕ್ಕಿ ಮಲೆಯುಳ್ಳವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮೊದಲು ತೀರ ಎಳೆಯ ಎಲೆಯಲ್ಲಿ ಕದಿರಿನಾಕಾರದ ಸಣ್ಣ ಸಣ್ಣ ಬಿಳಿಚಿದ ಚುಕ್ಕೆಗಳು ಮೂಡುತ್ತವೆ. ಅವು ಉದ್ದವಾಗುತ್ತ, ನಡುನರದಿಂದ ಅಂಚಿನವರೆಗೆ, ಎಲೆಯ ನರಗಳಿಗೆ ಸಮಾನಾಂತರವಾಗಿ, ತುಂಡುತುಂಡಾದ ತಿಳಿಹಸುರು ಗೆರೆಗಳಾಗುತ್ತವೆ. ಆ ಮೇಲೆ ಬರುವ ಒಂದೊಂದು ಎಲೆಯಲ್ಲಿಯೂ ಇದೇ ಗೆರೆ. ಗಿಡ ಸಾಯುವುದಿಲ್ಲ, ಸತ್ತಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಕಾಯಿ ಕಡಮೆಯಾಗುತ್ತ, ಕೆಲವು ವರ್ಷಗಳಲ್ಲಿ ಇಳುವರಿ ನಾಮಮಾತ್ರವಾಗುತ್ತದೆ. ಎಳೆಯದರಲ್ಲಿಯೇ ರೋಗ ಹಿಡಿದ ಗಿಡ ಫಲ ಕೊಡುವುದು ಅಪರೂಪ. ಔಷಧವೆಂಬುದು ಇಲ್ಲ.

ಸತ್ತು ಹೋಗದಿರುವುದರಿಂದಲೇ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆಯಿತು. ನಾನಾಗ ಐದನೆಯ ತರಗತಿಯಲ್ಲಿದ್ದೆ. ನಮ್ಮ ತೀರ್ಥರೂಪರು ಸೋಮವಾರಪೇಟೆಯ ಕಡೆ ಎರಡು ಎಕರೆಯಷ್ಟು ಏಲಕ್ಕಿ ಮಾಡಿದ್ದರು. ಅಂಚಿನ ಕೆಲವು ಬುಡಗಳಲ್ಲಿ ಗೆರೆಗಳು ಕಂಡಿದ್ದರೂ ಇನ್ನೂ ನಾಲ್ಕು ಕಾಯಿ ಬಿಡುತ್ತಿದ್ದ ಗಿಡವನ್ನು ಕೀಳಲು ಅವರಿಗೆ ಮನಸ್ಸು ಬಾರದೆ ಹೋಯಿತು. ಆ ವರ್ಷ ಮಳೆಗಾಲದಲ್ಲಿ ಸೋದರಮಾವನವರು ಹೊಸದಾಗಿ ಮಲೆ ಮಾಡಲು ಕಂದುಗಳನ್ನು ಕೇಳಿ ಕಳುಹಿಸಿದರು. ಒಳಗಿನ ಒಳ್ಳೆಯ ಬುಡಗಳನ್ನು ಕೆಡಿಸುವುದೇಕೆಂದು ಅಂಚಿನವುಗಳಿಂದಲೇ ಕಂದು ಒಡೆದು, ಬಾಳೆಪಟ್ಟೆಯಲ್ಲಿ ಕಟ್ಟಿ, ತೀರ್ಥರೂಪರು ನನ್ನ ತಲೆಯ ಮೇಲಿಟ್ಟರು. ಗದ್ದೆಯ ಏರಿಯ ಮೇಲೆ ಎರಡು ಮೈಲಿ ನಡೆದು ನಾನೇ ಅದನ್ನು ಮುಟ್ಟಿಸಿದೆ. ನಾಲ್ಕೈದು ವರ್ಷ ಕಳೆಯುವುದರೊಳಗೆ ಮಾವನವರ ಮಲೆ ಪೂರ್ತಿ ಕಟ್ಟೆಯಾಯಿತು. ಆ ಕಂದುಗಳಿಂದಲೇ ಹಾಗಾಯಿತೆಂದು ಅವರು ಒಮ್ಮೆಯೂ ಆಡಲಿಲ್ಲ. ಮಣ್ಣಿನ ದೋಷ ಎಂದರು, ನೆರಳು ಹೆಚ್ಚಾಯಿತೆಂದರು. ನಮ್ಮವರು ಬಲ್ಲವರಾಗಿಯೂ ಸುಮ್ಮನಿದ್ದರೋ, ನಿಜವಾಗಿಯೂ ಅರಿಯದೆ ಹೋದರೋ, ಕೇಳೋಣವೆಂದರೆ ಇಬ್ಬರೂ ಈಗಿಲ್ಲ.

ಅರಿಯಬಹುದಾದ ಕಾಲವಂತೂ ಅದಾಗಿತ್ತು. ಮಾಲಿಸನ್ ಎಂಬವರು ಈ ರೋಗವನ್ನು ವರದಿ ಮಾಡಿದ್ದು 1900ರಲ್ಲಿ. ಇದು ವೈರಸ್ಸಿನಿಂದ ಬರುವಂಥದು, ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಾಳೆಯಲ್ಲಿ ಕಾಣುವ ಜಾತಿಯ ಸಸ್ಯಹೇನು ಎಂದು ಉಪ್ಪಲ್, ವರ್ಮ, ಕಪೂರ್ ಎಂಬ ಮೂವರು 1945ರಲ್ಲಿ ಪ್ರಕಟಿಸಿದರು. ಆ ಬರಹ ಅಚ್ಚಾದದ್ದು ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಬೀಜದಿಂದ ಈ ರೋಗ ಬರುವುದಿಲ್ಲ, ಮಣ್ಣಿನಿಂದ ಬರುವುದಿಲ್ಲ, ಕತ್ತಿಯಿಂದಲೂ ಬರುವುದಿಲ್ಲ. ಹೇನಿನಿಂದ ಬರುತ್ತದೆ, ರೋಗ ಹಿಡಿದ ಬುಡದ ಕಂದಿನಿಂದ ಬರುತ್ತದೆ. ಹೇನಿಗೆ ವಿಷ ಸಿಂಪಡಿಸಿದರಾಯಿತಲ್ಲ ಎಂದು ಕೇಳಬಹುದು. ರೋಗದ ಗಿಡವನ್ನು ಸ್ವಲ್ಪ ಹೊತ್ತು ಚುಚ್ಚಿದ ಹೇನಿನ ಬಾಯಿಗೆ ವೈರಸ್ ಅಂಟುತ್ತದೆ. ಮುಂದಿನ ಗಿಡವನ್ನು ಚುಚ್ಚಿದ ಕೂಡಲೆ ಅದು ಇಳಿದುಹೋಗುತ್ತದೆ. ವಿಷ ತಾಗಿ ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಆದುದರಿಂದ ಗೆರೆ ಕಂಡ ಗಿಡವನ್ನು ಬುಡಸಮೇತ ಕಿತ್ತು ನಾಶಮಾಡುವುದೊಂದೇ ಉಪಾಯ.

ಇನ್ನು ಆ ವೈರಸ್ ಎಂಬುದನ್ನು ಕಣ್ಣಾರೆ ಕಾಣುವುದು ಹೇಗೆ? ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿರುವ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಪೊರೆಯ ಕೋಶಗಳನ್ನು ನೋಡಿದವರು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ಅದರ ಗಾಜನ್ನು ಎಷ್ಟೇ ಉತ್ತಮಪಡಿಸಿದರೂ ಕಟ್ಟೆಯ ವೈರಸ್ ಅದರಲ್ಲಿ ಕಾಣದು. ದೋಷ ಗಾಜಿನದಲ್ಲ, ಬೆಳಕಿನದು. ಹೊಳೆಯಲ್ಲಿ ಆನೆ ನಿಂತರೆ ಅಲೆ ಅದಕ್ಕೆ ಬಡಿದು ಒಡೆಯುತ್ತದೆ. ಜೊಂಡಿನ ಕಡ್ಡಿ ನಿಂತರೆ ಅಲೆ ಅದನ್ನು ಲೆಕ್ಕಿಸದೆ ಹಾಯ್ದುಹೋಗುತ್ತದೆ, ದಡದಲ್ಲಿ ನಿಂತು ಅಲೆಯನ್ನು ನೋಡುವವನಿಗೆ ಅಲ್ಲಿ ಕಡ್ಡಿಯಿತ್ತೆಂದು ತಿಳಿಯುವುದೇ ಇಲ್ಲ. ಬೆಳಕೂ ಒಂದು ಅಲೆ. ಅದರ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರೆ ಬೇರೆಯಾಗಿ ತೋರಿಸಲಾರದು. ಕಟ್ಟೆಯ ವೈರಸ್ಸಾದರೋ ಬಳುಕುವ ಎಳೆಯಂತಿದ್ದು ಉದ್ದ ಸುಮಾರು 650 ನ್ಯಾನೊಮೀಟರಿದ್ದರೂ ದಪ್ಪ ಹತ್ತು ಹನ್ನೆರಡನ್ನು ಮೀರುವುದಿಲ್ಲ.

ಬೆಳಕಿನ ಬದಲು ಎಲೆಕ್ಟ್ರಾನುಗಳ ಪ್ರವಾಹವನ್ನು ಬಳಸುವ ಯಂತ್ರವನ್ನು ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕ 1931ರಲ್ಲಿ ನಿರ್ಮಿಸಿದರು. ಒಂದು ಲಕ್ಷ ವೋಲ್ಟಿನಿಂದ ತಳ್ಳಲ್ಪಟ್ಟ ಎಲೆಕ್ಟ್ರಾನಿನ ಅಲೆಯುದ್ದ 0.0037 ನ್ಯಾನೊಮೀಟರ್, ಇದರ ಮುಂದೆ ಜೊಂಡಿನ ಕಡ್ಡಿಯೂ ಆನೆಯೇ. ಗಾಜಿನ ಮಸೂರಕ್ಕೆ ಬದಲಾಗಿ ಇಲ್ಲಿ ವಿದ್ಯುತ್ಕಾಂತದ ಸುರುಳಿಗಳು ಎಲೆಕ್ಟ್ರಾನುಗಳನ್ನು ಬಾಗಿಸಿ ಕೂಡಿಸುತ್ತವೆ. ಅವು ವಸ್ತುವಿನ ಮೂಲಕ ಹಾಯ್ದು ಕೆಳಗಿನ ತೆರೆಯ ಮೇಲೆ ಬಿದ್ದು ನೆರಳುಬೆಳಕಿನ ಚಿತ್ರವನ್ನು ಮೂಡಿಸುತ್ತವೆ. ಹೀಗೆ ಹಾಯ್ದುಹೋಗುವುದರಿಂದ ಇದನ್ನು ಪಾರಗಾಮಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎನ್ನಬಹುದು. ಅರ್ನ್ಸ್ಟ್ ರುಸ್ಕನ ತಮ್ಮ ಹೆಲ್ಮುಟ್ ವೈದ್ಯ. ಅವನೂ ಅವನ ಸಂಗಡಿಗರೂ 1939ರಲ್ಲಿ ಹೊಗೆಸೊಪ್ಪಿನ ವೈರಸ್ಸನ್ನು ಈ ಯಂತ್ರದಲ್ಲಿ ಕಂಡು ಪ್ರಕಟಿಸಿದರು. ಅಣ್ಣನಿಗೆ ನೊಬೆಲ್ ಪಾರಿತೋಷಕ ಬಂದದ್ದು 1986ರಲ್ಲಿ, ಯಂತ್ರ ಹುಟ್ಟಿ ಐವತ್ತೈದು ವರ್ಷಗಳಾದ ಮೇಲೆ. ನಮ್ಮ ದೇಶದಲ್ಲಿ 1940ರ ದಶಕದಲ್ಲಿ ಕಲ್ಕತ್ತೆಯ ನೀರಜನಾಥ ದಾಸಗುಪ್ತರು ಇಂಥ ಯಂತ್ರವೊಂದನ್ನು ತಾವೇ ಕಟ್ಟಿದರೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ನಮ್ಮಲ್ಲಿಯೇ ಓದಿದ ಶಿಷ್ಯನೊಬ್ಬನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಈ ಯಂತ್ರದ ಕೆಲಸದಲ್ಲಿದ್ದಾನೆ. ಹಿಂದಿನ ವರ್ಷ ಊರಿಗೆ ಬಂದವನೊಡನೆ ಕಟ್ಟೆ ಎಂಬ ಶಬ್ದದ ಮಾತು ಬಂತು. "ಗುರುಗಳೇ, ಶಬ್ದವನ್ನು ನೀವು ನೋಡಿದ್ದೀರಿ, ಅರ್ಥವನ್ನು ನಾನು ತೋರಿಸುತ್ತೇನೆ, ಬನ್ನಿ" ಎಂದ. ಮಾವನ ಮಗನ ಜಮೀನು ಈಗ ಕಾಫಿ, ಮೆಣಸು. ಹಳ್ಳದ ಬದಿಯಲ್ಲಿ ಮಾತ್ರ ಹಳೆಯ ಏಲಕ್ಕಿಯ ನಾಲ್ಕಾರು ಬುಡಗಳು ಉಳಿದಿವೆ. ಅವುಗಳಲ್ಲೊಂದರಲ್ಲಿ ಗೆರೆಗಳಿದ್ದವು. ಆ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಎಲೆಯನ್ನು ಹಾಗೆಯೇ ಯಂತ್ರದೊಳಗಿಟ್ಟು ನೋಡುವುದೆಂದು ನಾನು ತಿಳಿದಿದ್ದೆ. ಅದು ಅಸಾಧ್ಯ. ಎಲೆಕ್ಟ್ರಾನುಗಳನ್ನು ಗಾಳಿಯೂ ತಡೆಯುತ್ತದೆಯಾದ್ದರಿಂದ ಯಂತ್ರದ ಕೊಳವೆಯೊಳಗೆ ನಿರ್ವಾತವಿರಬೇಕು. ನಿರ್ವಾತದಲ್ಲಿ ನೀರು ಆವಿಯಾಗಿ ಹಾರುವುದರಿಂದ ವಸ್ತು ಮೊದಲೇ ಒಣಗಿರಬೇಕು. ಎಲೆಕ್ಟ್ರಾನುಗಳು ಹಾಯಬೇಕಾದರೆ ಅದು ಅತ್ಯಂತ ತೆಳುವಾಗಿರಬೇಕು. ಇದಕ್ಕೆ ಎರಡು ವಿಧಾನಗಳು. ಕೋಶದ ಒಳಗನ್ನು ನೋಡಬೇಕಾದರೆ ಎಲೆಯ ಚೂರನ್ನು ಗ್ಲುಟರಾಲ್ಡಿಹೈಡಿನಲ್ಲಿ, ಅನಂತರ ಆಸ್ಮಿಯಂ ಟೆಟ್ರಾಕ್ಸೈಡಿನಲ್ಲಿ ಅದ್ದಿ ಇದ್ದಂತೆಯೇ ಸ್ಥಿರಗೊಳಿಸುತ್ತಾರೆ. ಆಲ್ಕೊಹಾಲಿನಲ್ಲಿ ನೀರನ್ನು ಹಂತಹಂತವಾಗಿ ತೆಗೆದು, ಅಂಟುರಾಳವನ್ನು ತುಂಬಿ ಕಲ್ಲಿನಂತೆ ಗಟ್ಟಿಮಾಡುತ್ತಾರೆ. ಆ ದಿಂಡನ್ನು ಗಾಜಿನ ಅಥವಾ ವಜ್ರದ ಅಲಗಿನಿಂದ 60ರಿಂದ 80 ನ್ಯಾನೊಮೀಟರ್ ದಪ್ಪಕ್ಕೆ ಹೆರೆಯುತ್ತಾರೆ. ಒಂದು ಮಿಲಿಮೀಟರಿನಲ್ಲಿ ಇಂಥ ಪದರಗಳು ಹನ್ನೆರಡು ಸಾವಿರಕ್ಕೂ ಮಿಕ್ಕು! ಅವು ಅಲಗಿನ ಹಿಂದಿನ ಪುಟ್ಟ ದೋಣಿಯ ನೀರಿನ ಮೇಲೆ ತೇಲುತ್ತವೆ. ಬೆಳ್ಳಿಯ ಬಣ್ಣ ಕಂಡರೆ ದಪ್ಪ ಸರಿಯಾಗಿದೆ, ನೇರಳೆ ಕಂಡರೆ ಹೆಚ್ಚಾಯಿತೆಂದು ನೋಟದಿಂದಲೇ ಅಳೆಯುತ್ತಾರೆ. ಪದರವನ್ನು ಸರಿಸಲು ಕಡ್ಡಿಯ ತುದಿಗೆ ರೆಪ್ಪೆಗೂದಲೊಂದನ್ನು ಅಂಟಿಸಿಕೊಂಡಿರುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಪಕ್ಕದಲ್ಲಿ ಈ ರೆಪ್ಪೆಗೂದಲನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಎರಡನೆಯ ವಿಧಾನ ಸುಲಭವಾದುದು. ನಮ್ಮ ಎಲೆಗೆ ಮಾಡಿದ್ದು ಅದನ್ನೇ. ಎಲೆಯನ್ನು ಅರೆದು, ರಸದ ಒಂದು ಹನಿಯನ್ನು ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲಿಟ್ಟು, ಯುರೇನಿಯಂ ಲವಣದ ದ್ರಾವಣದಿಂದ ತೊಳೆದು ಒಣಗಿಸಿದರು. ವೈರಸ್ ಹಗುರ ಪರಮಾಣುಗಳಿಂದಾದುದು. ಎಲೆಕ್ಟ್ರಾನನ್ನು ಅಷ್ಟಾಗಿ ಚದುರಿಸದು. ಯುರೇನಿಯಂ ಭಾರವಾದುದು, ಅದು ಕಣದ ಸುತ್ತಲೂ ನಿಂತು ಕಪ್ಪಾಗಿ ಕಾಣುತ್ತದೆ, ನಡುವೆ ಕಣ ಬೆಳ್ಳಗೆ ಉಳಿಯುತ್ತದೆ. ನೆಲದ ಮೇಲೊಂದು ಎಲೆಯನ್ನಿಟ್ಟು ಇದ್ದಿಲ ಪುಡಿಯನ್ನು ಉದುರಿಸಿ ಎಲೆಯನ್ನು ಎತ್ತಿದರೆ ಅದರ ಆಕಾರ ಖಾಲಿಯಾಗಿ ಉಳಿಯುವಂತೆ ಇದು. ಪುಸ್ತಕಗಳಲ್ಲಿ ವೈರಸ್ಸುಗಳು ಕೆಂಪು, ನೀಲಿ, ಹಳದಿಯಾಗಿ ಹೊಳೆಯುತ್ತವಲ್ಲ, ಆ ಬಣ್ಣಗಳೆಲ್ಲ ಅನಂತರ ಬಳಿದವು. ಎಲೆಕ್ಟ್ರಾನಿಗೆ ಬಣ್ಣದ ಗೊಡವೆಯಿಲ್ಲ.

ಒಂದು ಲಕ್ಷ ಪಟ್ಟು ಹಿಗ್ಗಿಸಿದಾಗ ಕಟ್ಟೆಯ ಒಂದು ಎಳೆ ಆರೂವರೆ ಸೆಂಟಿಮೀಟರ್ ಉದ್ದದ ದಾರದಂತೆ ಕಾಣಬೇಕು. ಅದೇ ಲೆಕ್ಕದಲ್ಲಿ ಮೂರು ಮಿಲಿಮೀಟರಿನ ಜಾಲರಿ ಮುನ್ನೂರು ಮೀಟರ್ ಅಗಲದ ಬಯಲಾಗುತ್ತದೆ. ನಲವತ್ತು ಸೆಂಟಿಮೀಟರಿನ ಎಲೆಯಾದರೆ ನಲವತ್ತು ಕಿಲೋಮೀಟರ್, ಹೆಚ್ಚುಕಡಮೆ ಮಡಿಕೇರಿಯಿಂದ ಸೋಮವಾರಪೇಟೆಗೆ ಇರುವಷ್ಟು ದಾರಿ. ಆ ದಾರಿಯಲ್ಲಿ ಎಲ್ಲೋ ಬಿದ್ದಿರುವ ಬೆರಳುದ್ದದ ದಾರವನ್ನು ಹುಡುಕುವ ಕೆಲಸವಿದು. ಮೊದಲನೆಯ ಜಾಲರಿಯಲ್ಲಿ ಒಂದೂ ಕಾಣಲಿಲ್ಲ. ಎರಡನೆಯದರಲ್ಲಿ ಕಪ್ಪಗೆ ಏನೋ ಗುಂಪಾಗಿ ಕಂಡಿತು. ನಾನು "ಇದೇ ಅಲ್ಲವೇನಪ್ಪಾ?" ಎಂದೆ. "ಅಲ್ಲ ಗುರುಗಳೇ, ಅದು ಬಣ್ಣದ ಲವಣ ಹರಳುಗಟ್ಟಿರುವುದು" ಎಂದು ನಕ್ಕ. ಏಲಕ್ಕಿಯ ರಸದಲ್ಲಿ ಈ ಕಣಗಳು ವಿರಳವಂತೆ. ರಾತ್ರಿ ಅಲ್ಲಿಯೇ ತಂಗಿದೆ. ಮರುದಿನ ಹೊಸದಾಗಿ ಮಾಡಿದ ಮೂರನೆಯ ಜಾಲರಿಯ ಒಂದು ಮೂಲೆಯಲ್ಲಿ, ಬೂದುಬಣ್ಣದ ಹಿನ್ನೆಲೆಯಲ್ಲಿ, ಬೆಳ್ಳಗಿನ ಐದಾರು ಎಳೆಗಳು ಒಂದರ ಮೇಲೊಂದು ಬಾಗಿ ಬಿದ್ದಿದ್ದವು. ಅವನು ಅಳೆದು, ಉದ್ದ ಹೊಂದುತ್ತದೆ ಎಂದ. ನನ್ನ ತಲೆಯ ಮೇಲೆ ಎರಡು ಮೈಲಿ ಸಾಗಿದ್ದುದರ ಸಂತತಿ ಇದಾಗಿರಬಹುದೆಂದು ನಾನು ಅವನಿಗೆ ಆಗ ಹೇಳಲಿಲ್ಲ.

ಇಲ್ಲಿ ತರ್ಕವನ್ನು ಓದಿದವನಿಗೆ ಒಂದು ಪ್ರಶ್ನೆ ಏಳದಿರದು. ನಾನು ಕಂಡದ್ದು ಪ್ರತ್ಯಕ್ಷವೋ ಅನುಮಾನವೋ? ಇಂದ್ರಿಯಕ್ಕೂ ವಸ್ತುವಿಗೂ ಸಂನಿಕರ್ಷವಿದ್ದರೆ ಪ್ರತ್ಯಕ್ಷ. ಇಲ್ಲಿ ಕಣ್ಣಿಗೆ ತಾಗಿದ್ದು ತೆರೆಯ ಬೆಳಕು. ತೆರೆಗೆ ತಾಗಿದ್ದು ಎಲೆಕ್ಟ್ರಾನು. ಎಲೆಕ್ಟ್ರಾನನ್ನು ತಡೆದದ್ದು ಯುರೇನಿಯಂ. ಅದರ ನಡುವಣ ಖಾಲಿಯನ್ನು ನಾವು ವೈರಸ್ ಎಂದೆವು. ಹೊಗೆಯಿಂದ ಬೆಂಕಿಯನ್ನು ಊಹಿಸುವಷ್ಟೇ ಹಂತಗಳು ಇಲ್ಲಿಯೂ ಇವೆ. ಅದಿರಲಿ, ಕಣ ನಿಜವಾಗಿಯೂ ಇದೆಯೆಂದೇ ಒಪ್ಪೋಣ. ರೋಗದ ಎಲೆಯಲ್ಲಿ ಕಂಡ ಮಾತ್ರಕ್ಕೆ ಅದೇ ರೋಗದ ಕಾರಣವೆಂದು ಹೇಗೆ ನಿರ್ಣಯಿಸುವುದು? ಕೊಲೆಯಾದ ಮನೆಯಲ್ಲಿ ಸಿಕ್ಕವನೆಲ್ಲ ಕೊಲೆಗಾರನಲ್ಲ. ಕಾರಣವನ್ನು ನಿರ್ಣಯಿಸುವುದು ಅನ್ವಯ ವ್ಯತಿರೇಕಗಳಿಂದ: ರೋಗದ ಗಿಡದ ರಸ ಹೀರಿದ ಹೇನು ಬಂದರೆ ರೋಗ ಬರುತ್ತದೆ, ಅಂಥ ಹೇನು ಬಾರದಿದ್ದರೆ ಬರುವುದಿಲ್ಲ. ಈ ಕೆಲಸ 1945ರಲ್ಲಿಯೇ, ಯಾರೂ ಕಣವನ್ನು ಕಾಣುವ ಮೊದಲೇ ನಡೆದಿತ್ತು. ಯಂತ್ರ ಆ ನಿರ್ಣಯಕ್ಕೆ ಆಕಾರವನ್ನು ಕೊಟ್ಟಿತು. ಆಕಾರವೇನೂ ಅಲ್ಪವಲ್ಲ: ಎಳೆಯಂಥ ಈ ವಂಶದ ವೈರಸ್ಸುಗಳು ಸೇರಿದ ಕೋಶವನ್ನು ಕೊಯ್ದು ನೋಡಿದರೆ ಮಕ್ಕಳ ಗಿರಿಗಿಟ್ಟಲೆಯಂಥ ಚಕ್ರಾಕೃತಿಗಳು ಕಾಣುತ್ತವೆ, ಬೇರೆ ವಂಶದವಕ್ಕೆ ಈ ಲಾಂಛನವಿಲ್ಲ.

ಕಂಡದ್ದನ್ನು ಒಪ್ಪಿಸುವುದೂ ಸುಲಭವಲ್ಲವೆಂಬುದಕ್ಕೆ ಲೋಹಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಇದೇ ಯಂತ್ರ ಲೋಹವನ್ನೂ ನೋಡುತ್ತದೆ. ಲೋಹದ ತೆಳುಪದರವನ್ನು ಹಾಯ್ದ ಎಲೆಕ್ಟ್ರಾನುಗಳು ಪರಮಾಣುಗಳ ಜೋಡಣೆಗೆ ತಕ್ಕಂತೆ ಚುಕ್ಕೆಗಳ ವಿನ್ಯಾಸವೊಂದನ್ನು ಮೂಡಿಸುತ್ತವೆ. ಥಟ್ಟನೆ ತಣಿಸಿದ ಅಲ್ಯುಮಿನಿಯಂ ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಡಾನ್ ಶೆಕ್ಟ್‌ಮನ್ 1982ರ ಏಪ್ರಿಲಿನಲ್ಲಿ ಒಂದು ಸುತ್ತಿಗೆ ಹತ್ತು ಚುಕ್ಕೆಗಳನ್ನು ಎಣಿಸಿದರು. ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳನ್ನು ಎಡೆಯಿಲ್ಲದೆ ಜೋಡಿಸಬಹುದು. ಬಾಹುಗಳೂ ಕೋನಗಳೂ ಸಮವಾದ ಐದು ಮೂಲೆಯವನ್ನು ಜೋಡಿಸಲಾಗದು. ಆದುದರಿಂದ ಹರಳಿನಲ್ಲಿ ಐದರ, ಹತ್ತರ ಸಮತೆ ಶಾಸ್ತ್ರವಿರುದ್ಧವೆಂದು ಎಣಿಸಿದ್ದ ಕಾಲವದು. ಲೈನಸ್ ಪಾಲಿಂಗ್‌ನಂಥ ಮಹಾವಿದ್ವಾಂಸರೂ ಒಪ್ಪಲಿಲ್ಲ. ಬರಹ ಪ್ರಕಟವಾದದ್ದು 1984ರಲ್ಲಿ. ಮರುವರ್ಷವೇ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಂಗನಾಥನ್, ಕೆ. ಚಟ್ಟೋಪಾಧ್ಯಾಯ ಮೊದಲಾದವರು ಅದೇ ಬಗೆಯ ಮಿಶ್ರಲೋಹವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಶೆಕ್ಟ್‌ಮನ್ನರಿಗೆ ನೊಬೆಲ್ 2011ರಲ್ಲಿ ಬಂತು.

ಮತ್ತೆ ಏಲಕ್ಕಿಗೆ ಬರೋಣ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗ್ವಾಟೆಮಾಲ ದೇಶಕ್ಕೆ ಹೋದ ಏಲಕ್ಕಿಯಲ್ಲಿಯೂ ಇಂಥದೇ ರೋಗ ಕಾಣಿಸಿಕೊಂಡು, ಅಲ್ಲಿನ ವೈರಸ್ಸನ್ನು ಶುದ್ಧಗೊಳಿಸಿ ಅದರ ರೂಪಲಕ್ಷಣಗಳನ್ನು 1986ರಲ್ಲಿ ಪ್ರಕಟಿಸಿದರು. ಎಳೆಯ ಆಕಾರವನ್ನು ನೋಡಿ ಅದನ್ನು ಪೋಟಿವೈರಸ್ ಎಂಬ ದೊಡ್ಡ ಗುಂಪಿಗೆ ಸೇರಿಸಿದರು. ಭಾರತದ ವೈರಸ್ಸಿನ ಆರ್‌ಎನ್‌ಎ ಅಕ್ಷರಗಳ ಒಂದು ಭಾಗವನ್ನು 2001ರಲ್ಲಿ ಓದಿದಾಗ, ಅದೇ ಕುಲದ ಮೆಕ್ಲುರಾವೈರಸ್ ಎಂಬ ಬೇರೆ ಶಾಖೆಗೆ ಅದು ಸೇರಿದ್ದೆಂದು ತಿಳಿಯಿತು. ಮುಖಚರ್ಯೆಯಿಂದ ಕುಲವನ್ನು ಹೇಳಬಹುದು, ಗೋತ್ರವನ್ನು ಹೇಳಲು ವಂಶಾವಳಿಯನ್ನೇ ಓದಬೇಕು. ನಮ್ಮ ಏಲಕ್ಕಿಗೆ ಇನ್ನೊಂದು ರೋಗವಿದೆ. ಅದರ ಹೆಸರೂ ಕನ್ನಡದ್ದೇ, 'ಕೊಕ್ಕೆ ಕಂದು'. ಎಳೆಯ ಎಲೆ ಹಳೆಯ ದಂಟಿನಲ್ಲಿ ಸಿಕ್ಕಿಕೊಂಡು ಕಂದು ಕೊಕ್ಕೆಯಂತೆ ಬಾಗುತ್ತದೆ. ಅದನ್ನು ಕಟ್ಟೆಯಿಂದ ಕೃಷಿಕನು ಬರಿಗಣ್ಣಿನಲ್ಲಿಯೇ ಬೇರ್ಪಡಿಸಿ ಬೇರೆ ಹೆಸರಿಟ್ಟಿದ್ದ. ಅದರ ಕಾರಣ ಪೂರ್ತಿ ಬೇರೆ ಕುಲದ ವೈರಸ್ ಎಂಬುದು 2020ರಲ್ಲಿ ಆನುವಂಶಿಕ ಅಕ್ಷರಗಳಿಂದ ಸಿದ್ಧವಾಯಿತು. ಕೃಷಿಕನ ಶಬ್ದಕೋಶ ಇಲ್ಲಿ ಶಾಸ್ತ್ರಕ್ಕಿಂತ ಮುಂದಿತ್ತೆಂಬುದನ್ನು ನಾನು ಸ್ವಲ್ಪ ಅಭಿಮಾನದಿಂದಲೇ ಬರೆಯುತ್ತಿದ್ದೇನೆ.

ಮಡಿಕೇರಿಯ ಬಳಿಯ ಅಪ್ಪಂಗಳದಲ್ಲಿ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಸುತ್ತಲೂ ಕಟ್ಟೆ ತುಂಬಿದ ಮಲೆಗಳ ನಡುವೆ ರೋಗವಿಲ್ಲದೆ ನಿಂತ ಗಿಡಗಳನ್ನು ಅಲ್ಲಿಯವರು ಹುಡುಕಿ ಸಂಗ್ರಹಿಸಿ, ಅವುಗಳನ್ನು ಮತ್ತೆ ಮತ್ತೆ ಪರೀಕ್ಷೆಗೊಡ್ಡಿ, ತಡೆದುಕೊಂಡ ಒಂದನ್ನು 'ವಿಜೇತ' ಎಂಬ ಹೆಸರಿನಿಂದ ಬೆಳೆಗಾರರಿಗೆ ಬಿಡುಗಡೆ ಮಾಡಿದರು. ಈ ಆಯ್ಕೆಯಲ್ಲಿ ಮೊದಲ ಪರೀಕ್ಷಕ ಮಲೆಯಲ್ಲಿ ನಡೆದುಹೋಗುವ ಮನುಷ್ಯನ ಕಣ್ಣೇ.

ಬೆಂಗಳೂರಿನಿಂದ ಹೊರಡುವಾಗ ಶಿಷ್ಯನಿಗೆ ಕಂದುಗಳ ಕಥೆಯನ್ನು ಹೇಳಿದೆ. ಅವನು ಕೆಲವು ಹೊತ್ತು ಸುಮ್ಮನಿದ್ದು, "ಆ ಬುಡವನ್ನು ಕೀಳಿಸಿಬಿಡಿ ಗುರುಗಳೇ, ಪಕ್ಕದವನ್ನೂ ನೋಡುತ್ತಿರಿ. ರೋಗ ಒಳಗೆ ಸೇರಿದ ಮೇಲೂ ಗೆರೆ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು" ಎಂದ. ಊರಿಗೆ ಬಂದು ಮಾವನ ಮಗನಿಗೆ ಎಲ್ಲವನ್ನೂ ತಿಳಿಸಿದೆ, ಐದನೆಯ ತರಗತಿಯ ಸಂಗತಿಯನ್ನೂ ಬಿಡದೆ. ಅವನು ಹೆಚ್ಚೇನೂ ಹೇಳಲಿಲ್ಲ. ಗೆರೆಯಿದ್ದ ಬುಡವನ್ನು ಅಗೆದು ತೆಗೆದು ಹೂಳಿದನೆಂದು ಆ ಮೇಲೆ ತಿಳಿಯಿತು. ಪಕ್ಕದ ಎರಡು ಬುಡಗಳಲ್ಲಿ ಏನೂ ಕಾಣುವುದಿಲ್ಲವಂತೆ, ಅವುಗಳನ್ನು ಹಾಗೆಯೇ ಉಳಿಸಿದ್ದಾನೆ. ಮಳೆ ಹಿಡಿಯುವುದರೊಳಗೆ ಒಮ್ಮೆ ಹೋಗಿ ಅವುಗಳ ಎಳೆಯ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ ಬರಬೇಕು.